ಕೊಡಲು ಹೋದವರು ಪಡೆದು ಬಂದ ಹಾದಿ

ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೊರಟ ರೈಲು ಅಣ್ಣಿಗೇರಿ, ಹುಲಕೋಟಿ ದಾಟಿ ಗದಗ ಸಮೀಪಿಸುವ ಹೊತ್ತಿಗೆ ಕಿಟಕಿಯ ಎರಡೂ ಕಡೆ ಎರೆಹೊಲಗಳು ಕಣ್ಣು ಹರಿಯುವಷ್ಟು ದೂರ ಚಾಚಿಕೊಂಡಿರುತ್ತವೆ. ಹಿಂಗಾರಿನ ದಿನಗಳಾದರೆ ಬಿಳಿಜೋಳ, ಕಡಲೆ, ಕುಸುಬೆ. ಬೇಸಿಗೆಯಾದರೆ ಬಿರುಕು ಬಿಟ್ಟ ಕಪ್ಪು ನೆಲ. ದಕ್ಷಿಣದ ಅಂಚಿನಲ್ಲಿ ಕಪ್ಪತಗುಡ್ಡದ ನೀಲಿ ಗೆರೆ. ಗದಗ ಎಂದೊಡನೆ ಯಾರಿಗಾದರೂ ನೆನಪಾಗುವುದು ಕುಮಾರವ್ಯಾಸ, ವೀರನಾರಾಯಣನ ಗುಡಿ, ತ್ರಿಕೂಟೇಶ್ವರ, ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮ. ಇವುಗಳನ್ನು ನೋಡಿಕೊಂಡು, ಬಿಸಿ ಮಿರ್ಚಿ ತಿಂದು, ಸಂಜೆಯ ಗಾಡಿಗೆ ಮರಳುವವರೇ ಹೆಚ್ಚು.

ಆದರೆ ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಮುಂದೆ ಮುಂಡರಗಿ ಎಂದು ಒಂದು ಸುತ್ತು ಹಾಕಿದರೆ ಇನ್ನೊಂದು ಬಗೆಯ ಪ್ರವಾಸವೂ ಸಾಧ್ಯ. ಅದು ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋಗುವ ಪ್ರವಾಸ. ಪ್ರಶ್ನೆ ಹೊಸದಲ್ಲ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಓದುವ ಮಗಳು, ಭಾನುವಾರ ಎರಡು ತಾಸು ಆಸ್ಪತ್ರೆಯಲ್ಲೋ ಅಂಧಮಕ್ಕಳ ಶಾಲೆಯಲ್ಲೋ ಸೇವೆಗೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ಏಳುವ ಪ್ರಶ್ನೆ ಅದು. "ಅಲ್ಲವಾ, ಅದರಿಂದ ನಿನಗೇನ ಸಿಗತೈತಿ? ಆ ಎರಡು ತಾಸು ಕುಂತು ಗಣಿತ ಮಾಡಿದರ ನಾಲ್ಕು ಮಾರ್ಕ್ಸರೆ ಬರತಾವು."

ಈ ಮಾತಿನಲ್ಲಿ ತಪ್ಪೇನೂ ಇಲ್ಲ. ಎರೆಹೊಲದಲ್ಲಿ ದುಡಿದು ಮಕ್ಕಳ ಫೀ ಕಟ್ಟುವ ತಂದೆಗೆ ಎರಡು ತಾಸಿನ ಬೆಲೆ ಗೊತ್ತಿರುತ್ತದೆ. ಆದ್ದರಿಂದ ಪ್ರಶ್ನೆಯನ್ನು ಬದಿಗೆ ಸರಿಸದೆ, ಕೈಯಲ್ಲಿ ಹಿಡಿದುಕೊಂಡೇ ಈ ನಾಲ್ಕು ಊರುಗಳನ್ನು ನೋಡಬೇಕು.

ಬೆಟಗೇರಿಯ ಓಣಿಗಳಲ್ಲಿ

ಗದಗ ಮತ್ತು ಬೆಟಗೇರಿ ಹೆಸರಿಗೆ ಎರಡು, ನಗರಸಭೆ ಒಂದೇ. ಬೆಟಗೇರಿ ನೇಕಾರರ ಊರು. ಓಣಿಗಳಲ್ಲಿ ನಡೆದರೆ ಮಗ್ಗದ ಲಟಪಟ ಸದ್ದು ಈಗಲೂ ಕಿವಿಗೆ ಬೀಳುತ್ತದೆ. ಹಳೆಯ ವೀರಗಲ್ಲುಗಳಿಗೂ ಈ ಊರು ಹೆಸರಾದದ್ದು. ಇದೇ ಊರಿನಲ್ಲಿ 1841ರಲ್ಲಿ ಬಾಸೆಲ್ ಮಿಶನ್ನಿನ ಕೇಂದ್ರ ಶುರುವಾಯಿತು.

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದರ ಮೊದಲ ಮೂವರು ಮಿಶನರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಆಮೇಲೆ ಬೆಟಗೇರಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಯುರೋಪಿನಿಂದ ಇಲ್ಲಿಗೆ ಬರುವುದೆಂದರೆ ತಿಂಗಳುಗಟ್ಟಲೆ ಹಡಗಿನ ಪಯಣ. ಬಂದವರಲ್ಲಿ ಹಲವರು ಜರ್ಮನಿಯ ಹಳ್ಳಿಗಾಡಿನ ಯುವಕರು. ಹವೆ ಹಿಡಿಸದು, ಭಾಷೆ ತಿಳಿಯದು, ಊಟ ಒಗ್ಗದು.

ಅವರು ಬಂದ ಉದ್ದೇಶ ತಮ್ಮ ಮತವನ್ನು ಸಾರುವುದು. ಅದನ್ನು ಮರೆಮಾಚಬೇಕಾಗಿಲ್ಲ. ಇಲ್ಲಿನ ಜನ ಅವರ ಮಾತನ್ನು ಸಂಶಯದಿಂದ ಕೇಳಿದರು, ವಾದಿಸಿದರು, ಬಹುಪಾಲು ಜನ ತಮ್ಮ ದಾರಿಯಲ್ಲೇ ಉಳಿದರು. ಆದರೆ ಶಾಲೆ, ನೇಯ್ಗೆ, ಮುದ್ರಣ, ವೈದ್ಯ ಹೀಗೆ ಒಂದೊಂದಾಗಿ ಶುರುವಾದ ಕೆಲಸಗಳು ಮತದ ಗೆರೆಯನ್ನು ದಾಟಿ ಎಲ್ಲರ ಮನೆಗೂ ತಲುಪಿದವು. ಬೆಟಗೇರಿಯಲ್ಲಿ 20ನೆಯ ಶತಮಾನದ ಆರಂಭದಲ್ಲಿ ಮಿಶನ್ನಿನ ವೈದ್ಯಕೀಯ ಸೇವೆ ನೆಲೆಯೂರಿತು. ಮುಂದೆ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಅದರ ಹೊಣೆ ಹೊತ್ತಿತು. ಹಳಬರ ಬಾಯಲ್ಲಿ ಅದು ಜರ್ಮನ್ ಆಸ್ಪತ್ರೆ.

ಮಿಶನ್ ಆಸ್ಪತ್ರೆಗಳ ಹಿಂದೆ ಇದ್ದ ಕ್ರೈಸ್ತ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಯೇಸು ಕಡೆಯ ನ್ಯಾಯತೀರ್ಪಿನ ಚಿತ್ರವೊಂದನ್ನು ಕೊಡುತ್ತಾನೆ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಟ್ಟವರು, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ಹೋಗಿ ಕಂಡವರು, ತಮಗೆ ಗೊತ್ತಿಲ್ಲದೆಯೇ ದೇವರಿಗೆ ಆ ಸೇವೆ ಮಾಡಿದ್ದರು ಎಂಬುದು ಅದರ ತಾತ್ಪರ್ಯ. ಅವರಿಗೇ ಇದು ಆಶ್ಚರ್ಯದ ಸಂಗತಿ. "ನಾವು ಯಾವಾಗ ನಿನ್ನನ್ನು ಕಂಡೆವು?" ಎಂಬರ್ಥದಲ್ಲಿ ಅವರು ಕೇಳುತ್ತಾರೆ.

ಇಲ್ಲಿ ಒಂದು ಲೆಕ್ಕ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ನಾವು, ಕೊಡುವವನು ಮೇಲಿದ್ದಾನೆ, ಪಡೆಯುವವನು ಕೆಳಗಿದ್ದಾನೆ ಎಂದುಕೊಳ್ಳುತ್ತೇವೆ. ಆ ಕಥೆಯ ಪ್ರಕಾರ ಹಾಸಿಗೆಯ ಮೇಲೆ ಮಲಗಿದ ರೋಗಿಯೇ ದೊಡ್ಡವನು. ನೀರು ಕೊಡಲು ಹೋದವನು ಅವನ ದರ್ಶನಕ್ಕೆ ಹೋದಂತೆ. ಕೊನೆಯ ಊಟದ ರಾತ್ರಿ ಯೇಸು ತನ್ನ ಶಿಷ್ಯರ ಕಾಲು ತೊಳೆದ ಪ್ರಸಂಗವೂ ಇದನ್ನೇ ಹೇಳುತ್ತದೆ. ಗುಡಿಗೆ ಹೋದವರು ದೇವರಿಗೆ ಉಪಕಾರ ಮಾಡಿದೆವೆಂದು ಹೇಳಿಕೊಳ್ಳುವುದಿಲ್ಲವಷ್ಟೆ? ಹಾಗೆಯೇ ಇದು.

ವಿಜ್ಞಾನ ಓದುವ ಮಕ್ಕಳಿಗೆ ಇನ್ನೊಂದು ಉದಾಹರಣೆ ಹಿಡಿಸೀತು. ಹದಿನೆಂಟು ತುಂಬಿದ ಆರೋಗ್ಯವಂತರು ರಕ್ತದಾನ ಮಾಡಬಹುದು. ಒಂದು ಸಲಕ್ಕೆ ತೆಗೆಯುವುದು 350 ಅಥವಾ 450 ಮಿಲಿಲೀಟರ್. ಕಳೆದುಹೋದ ದ್ರವಭಾಗ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಎಲುಬಿನ ಮಜ್ಜೆ ಚುರುಕಾಗಿ ಕೆಲವೇ ವಾರಗಳಲ್ಲಿ ಕೆಂಪು ರಕ್ತಕಣಗಳನ್ನು ಮತ್ತೆ ತಯಾರಿಸುತ್ತದೆ. ಕೊಟ್ಟದ್ದು ಇನ್ನೊಂದು ಜೀವಕ್ಕೆ ಹೋಯಿತು. ಕೊಟ್ಟವನ ಮೈಯಲ್ಲಿ ಹೊಸದು ಹುಟ್ಟಿತು. ಊರ ಬಾವಿಯೂ ಹೀಗೆಯೇ. ಸೇದುತ್ತಿದ್ದಷ್ಟು ದಿನ ಅದರ ನೀರು ತಿಳಿ. ಸೇದುವುದು ನಿಂತ ಮೇಲೆ ಪಾಚಿ.

ಕಣ್ಣಿಲ್ಲದವರಿಗೆ ಕೈಯಾಗುವುದು

ಬೆಟಗೇರಿಯಿಂದ ಮತ್ತೆ ಗದಗಿಗೆ ಬಂದರೆ ವೀರೇಶ್ವರ ಪುಣ್ಯಾಶ್ರಮ. ಇದು ಕ್ರೈಸ್ತ ಸಂಸ್ಥೆಯಲ್ಲ; ವೀರಶೈವ ಪರಂಪರೆಯದು. ಆದರೆ ಸೇವೆಯ ಮಾತು ಬಂದಾಗ ಗದಗಿನಲ್ಲಿ ಈ ಬಾಗಿಲನ್ನು ದಾಟಿ ಹೋಗಲು ಆಗುವುದಿಲ್ಲ. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ನಾಟಕ ಕಂಪನಿ ಕಟ್ಟಿ, ಊರೂರು ತಿರುಗಿ, ಆಶ್ರಮದ ಮಕ್ಕಳ ಹೊಟ್ಟೆಗೆ ಅನ್ನ, ಗಂಟಲಿಗೆ ಸ್ವರ ಕೊಟ್ಟರು. ಕಣ್ಣಿಲ್ಲದವರೇ ಇಷ್ಟು ಜನರಿಗೆ ದಾರಿ ತೋರಿದ ಮೇಲೆ "ನಮ್ಮಲ್ಲಿ ಕೊಡಲಿಕ್ಕೆ ಏನಿದೆ?" ಎಂದು ಯಾರು ತಾನೆ ಕೇಳಬಹುದು?

ಶಾಲಾಮಕ್ಕಳು ಮಾಡಬಹುದಾದ ಒಂದು ಸೇವೆ ಇಲ್ಲಿ ನೆನಪಾಗುತ್ತದೆ. ಅಂಧ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಉತ್ತರವನ್ನು ಬಾಯಲ್ಲಿ ಹೇಳುತ್ತಾರೆ, ಬೇರೊಬ್ಬರು ಬರೆದುಕೊಳ್ಳಬೇಕು. ಹೀಗೆ ಬರೆಯುವವರು ಸಾಮಾನ್ಯವಾಗಿ ಪರೀಕ್ಷೆಗೆ ಕೂತವರಿಗಿಂತ ಕೆಳಗಿನ ತರಗತಿಯವರಾಗಿರುತ್ತಾರೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎಸ್ಸೆಸ್ಸೆಲ್ಸಿಗೆ ಕೂತ ಅಂಧ ವಿದ್ಯಾರ್ಥಿಗಾಗಿ ಬರೆಯಲು ಹೋದನೆಂದು ಇಟ್ಟುಕೊಳ್ಳಿ. ಮೂರು ತಾಸು ಅವನು ತನ್ನ ಬುದ್ಧಿ ಓಡಿಸುವಂತಿಲ್ಲ. ಉತ್ತರ ಗೊತ್ತಿದ್ದರೂ ಹೇಳುವಂತಿಲ್ಲ. ಇನ್ನೊಬ್ಬನ ಮಾತನ್ನು ಪೂರ್ತಿ ಕೇಳಿ, ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಬರೆಯಬೇಕು. "ಅಣ್ಣಾ, ಇನ್ನೊಮ್ಮೆ ಹೇಳ್ರಿ" ಎನ್ನಬೇಕು. ಆ ಅಣ್ಣ ನಕ್ಷೆಯನ್ನು ಕಣ್ಣಿಂದ ಕಾಣದೆ ನದಿಗಳ ಹೆಸರನ್ನು ಸಾಲಾಗಿ ಹೇಳುವಾಗ ಹುಡುಗನ ಪೆನ್ನು ಒಂದು ಗಳಿಗೆ ನಿಂತೀತು.

ಮನೆಗೆ ಬಂದ ಮೇಲೆ ಅವನಿಗೆ ಸಿಕ್ಕಿದ್ದೇನು? ಮಾರ್ಕ್ಸ್ ಅಲ್ಲ. ಆದರೆ ತಾಳ್ಮೆಯಿಂದ ಕೇಳುವುದನ್ನು ಕಲಿತ. ಬೇರೆಯವರ ವಿಶ್ವಾಸವನ್ನು ಕಾಯುವುದನ್ನು ಕಲಿತ. ತನಗಿರುವ ಕಣ್ಣಿನ ಬೆಲೆಯನ್ನೂ, ಕಣ್ಣಿಲ್ಲದೆಯೂ ಓದಬಹುದೆಂಬ ಛಲವನ್ನೂ ಒಂದೇ ದಿನದಲ್ಲಿ ಕಂಡ. ಮುಂದಿನ ವರ್ಷ ತಾನೇ ಪರೀಕ್ಷೆಗೆ ಕೂತಾಗ ಈ ಪಾಠ ಕೆಲಸಕ್ಕೆ ಬಾರದೆ ಇರುವುದೇ?

ಮಲ್ಲಸಮುದ್ರದ ಸೋಲು

ಗದಗಿನಿಂದ ಮುಳಗುಂದದ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಮಲ್ಲಸಮುದ್ರ. 1840ರ ದಶಕದ ಆರಂಭದಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ಒಂದು ಕೃಷಿ ನೆಲೆಯನ್ನು ಕಟ್ಟಲು ಹೊರಟಿದ್ದರು. ಹೊಸ ಮತಕ್ಕೆ ಬರುವವರು ಇಲ್ಲಿ ಕೂಡಿ ದುಡಿದು ಬಾಳುತ್ತಾರೆಂಬುದು ಅವರ ಎಣಿಕೆ. ಎಣಿಸಿದಂತೆ ಜನ ಬರಲಿಲ್ಲ, ಕನಸು ಕೈಗೂಡಲಿಲ್ಲ. ಸಾವಿರಾರು ಮೈಲಿ ಹಡಗಿನಲ್ಲಿ ಬಂದವರ ಯೋಜನೆ ಎರೆಮಣ್ಣಿನಲ್ಲಿ ಕರಗಿತು. ಇಂದು ಮಲ್ಲಸಮುದ್ರದಲ್ಲಿ ಸರಕಾರದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಎಲ್ಲ ಜಾತಿಯ, ಎಲ್ಲ ಮತದ ರೋಗಿಗಳು ಇಲ್ಲಿ ಸಾಲಿನಲ್ಲಿ ನಿಲ್ಲುತ್ತಾರೆ.

ಸೇವೆಗೆ ಹೊರಡುವ ಎಲ್ಲರೂ ಮಲ್ಲಸಮುದ್ರದಲ್ಲಿ ಒಂದು ಗಳಿಗೆ ನಿಲ್ಲಬೇಕು. "ಇವರಿಗೆ ಏನು ಬೇಕೆಂಬುದು ನನಗೆ ಗೊತ್ತು" ಎಂದು ಹೊರಟವನಿಗೆ ಮೊದಲು ಸಿಗುವುದು ಸೋಲು. ಆ ಸೋಲು ಅಹಂಕಾರವನ್ನು ಮುರಿದರೆ ಅದೂ ಲಾಭವೇ.

ಹಾಗಾದರೆ ದೂರದಿಂದ ಬಂದ ಆ ಮಿಶನರಿಗಳು ಬರಿಗೈಯಲ್ಲಿ ಹೋದರೇ? ಇಲ್ಲ. ನೆಲ ಕೊಡದ್ದನ್ನು ಕೆಲವರಿಗೆ ಭಾಷೆ ಕೊಟ್ಟಿತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಧಾರವಾಡದ ನೆಲದಲ್ಲಿ ಕನ್ನಡ ಕಲಿತರು. ಪಂಡಿತರ ಮುಂದೆ ಶಿಷ್ಯನಂತೆ ಕುಳಿತರು. ಗಾದೆಗಳನ್ನು, ಆಡುಮಾತುಗಳನ್ನು ಕೂಡಿಹಾಕಿದರು. 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟು ಹೊರಬಂತು. ಕಲಿಸಲು ಬಂದವರು ಕಲಿಯಲು ಕುಳಿತ ಮೇಲೆಯೇ ಅವರ ಬಾಳಿನ ದೊಡ್ಡ ಕೆಲಸ ಶುರುವಾಯಿತು. ಅವರನ್ನು ಕನ್ನಡಿಗರು ಇಂದು ನೆನೆಯುವುದು ಆ ಕಲಿಕೆಯ ಕಾರಣದಿಂದ.

ತಿರುಳ್ಗನ್ನಡದ ತಿರುಕ

ನಯಸೇನ ಕವಿಯ ಮುಳಗುಂದವನ್ನು ದಾಟಿ ಬಸ್ಸು ಲಕ್ಷ್ಮೇಶ್ವರ ಮುಟ್ಟುತ್ತದೆ. ಇದೇ ಪ್ರಾಚೀನ ಪುಲಿಗೆರೆ. ಸೋಮೇಶ್ವರ ದೇವಾಲಯ, ಶಂಖಬಸದಿ, ದೂದನಾನಾ ದರ್ಗಾ ಇವೆಲ್ಲ ಒಂದೇ ಊರಿನಲ್ಲಿ ನಡೆದು ನೋಡುವಷ್ಟು ಹತ್ತಿರ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿದ್ದಾನೆ.

ಈ ತಿರುಳ್ಗನ್ನಡ ಎಂಬ ಮಾತನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಕ್ರೈಸ್ತ ಪಾದ್ರಿಯೊಬ್ಬರಿದ್ದರು. ಅವರೇ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ಓದಿ ಬಾಸೆಲ್ ಮಿಶನ್ನಿನ ಬೋಧಕರಾದರು. ಊರೂರಿಗೆ ಹೋಗಿ ಯೇಸುವಿನ ಮಾತು ಹೇಳುವುದು ಅವರ ಕೆಲಸ. ಆದರೆ ಹಳ್ಳಿಗಳಲ್ಲಿ ಅವರ ಕಿವಿಗೆ ಬೇರೊಂದು ದನಿ ಬಿತ್ತು. ಅದು ಜನರ ನಾಲಿಗೆಯ ಮೇಲಿದ್ದ ಸರ್ವಜ್ಞ.

ಬೋಧಕರು ಕೇಳುಗರಾದರು. ವರ್ಷಗಟ್ಟಲೆ ಹಳ್ಳಿಗಳನ್ನು ಸುತ್ತಿ, ಹಳೆಯ ಓಲೆಗರಿ-ಕಾಗದಗಳನ್ನು ಹುಡುಕಿ, ಜನರ ಬಾಯಿಂದ ಕೇಳಿ ಬರೆದುಕೊಂಡು, ಪಾಠಗಳನ್ನು ಹೋಲಿಸಿ ನೋಡಿ, 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹವನ್ನು ಪ್ರಕಟಿಸಿದರು. ಈ ಕೆಲಸಕ್ಕೆ ಯಾರೂ ಅವರನ್ನು ನೇಮಿಸಿರಲಿಲ್ಲ. ಇಂದು ಶಾಲೆಯ ಮಗುವೊಂದು ಸರ್ವಜ್ಞನ ತ್ರಿಪದಿಯನ್ನು ಬಾಯಿಪಾಠ ಹೇಳುತ್ತದೆ ಎಂದರೆ ಅದರ ಹಿಂದೆ ಈ ಪಾದ್ರಿಯ ಬೆವರಿದೆ.

ಸರ್ವಜ್ಞನೋ, ಭಿಕ್ಷಾಪಾತ್ರೆ ಹಿಡಿದು ತಿರುಗಿದ ಜೋಗಿ ಎಂಬುದು ಜನರ ನಂಬಿಕೆ. ಅವನ ಮಾತನ್ನು ಬೇಡಿ ತಿರುಗಿದ ಚೆನ್ನಪ್ಪನವರು ತಮ್ಮನ್ನು ಕರೆದುಕೊಂಡದ್ದು 'ತಿರುಳ್ಗನ್ನಡದ ತಿರುಕ' ಎಂದು. ಈ ಒಂದು ಹೆಸರಿನಲ್ಲಿ ನಮ್ಮ ಪ್ರಶ್ನೆಗೆ ಉತ್ತರದ ತುದಿ ಸಿಗುತ್ತದೆ. ಉಪದೇಶ ಕೊಡಲು ಹೊರಟವರು ಬೇಡುವವರಾಗಿ ನಿಂತರು. ಕೊಡುವ ಕೈ ಎಂದು ಚಾಚಿದ ಕೈಯೇ ಬೊಗಸೆಯಾಯಿತು. ಆ ಬೊಗಸೆ ತುಂಬಿತು.

ಅದರಲ್ಲಿ ಸಿಕ್ಕ ಒಂದು ಮುತ್ತಂತೂ ಸೋಜಿಗದ್ದು. ನಾವು ಕೊಟ್ಟದ್ದಷ್ಟೇ ನಮ್ಮದಾಗಿ ಉಳಿಯುತ್ತದೆ, ಮುಚ್ಚಿಟ್ಟದ್ದು ಬೇರೆಯವರ ಪಾಲಾಗುತ್ತದೆ ಎಂಬರ್ಥದ ಸರ್ವಜ್ಞನ ವಚನ ಎಲ್ಲರಿಗೂ ಗೊತ್ತಿರುವುದೇ. ಪಡೆಯುವುದಕ್ಕಿಂತ ಕೊಡುವುದರಲ್ಲೇ ಹೆಚ್ಚಿನ ಭಾಗ್ಯವಿದೆ ಎಂಬ ಯೇಸುವಿನ ವಿಚಾರವನ್ನು ಸಂತ ಪೌಲನು ಎಫೆಸದ ಹಿರಿಯರಿಗೆ ನೆನಪಿಸಿದ್ದು ಬೈಬಲ್ಲಿನಲ್ಲಿದೆ. ಯಾವ ಮಾತನ್ನು ಜನರಿಗೆ ಮುಟ್ಟಿಸಬೇಕೆಂದು ಪಾದ್ರಿಗಳು ಹಳ್ಳಿಗಳಿಗೆ ಹೋಗುತ್ತಿದ್ದರೋ, ಅದೇ ತಿರುಳಿನ ಮಾತು ಹಳ್ಳಿಯವರ ಬಾಯಲ್ಲಿ ಆಗಲೇ ಇತ್ತು. ತಮ್ಮ ನಂಬಿಕೆಯನ್ನು ಇನ್ನೊಬ್ಬರ ಮನೆಯಲ್ಲಿ ಕಾಣುವುದಕ್ಕಿಂತ ದೊಡ್ಡ ಸಂಪತ್ತು ಯಾವುದು?

ಚೆನ್ನಪ್ಪನವರು ಮುಂದೆ ಶರಣರ ವಚನ ಸಾಹಿತ್ಯದಲ್ಲೂ ಆಳವಾಗಿ ದುಡಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1962ರಲ್ಲಿ ತೀರಿಕೊಳ್ಳುವವರೆಗೂ ಕ್ರೈಸ್ತರಾಗಿಯೇ ಬಾಳಿದರು. ಶರಣರನ್ನೂ ಸರ್ವಜ್ಞನನ್ನೂ ಮನೆಯವರಂತೆ ಕಂಡರು. ಸ್ವಂತ ನಂಬಿಕೆ ಬಿಡದೆಯೇ ಮನಸ್ಸು ಹಿಗ್ಗುವುದೆಂದರೆ ಇದು.

ಮಾಗಡಿ ಕೆರೆ, ಶಿರಹಟ್ಟಿಯ ಮಠ

ಲಕ್ಷ್ಮೇಶ್ವರದಿಂದ ಶಿರಹಟ್ಟಿಯ ಕಡೆಗೆ ಹೊರಟರೆ ಹತ್ತಾರು ಕಿಲೋಮೀಟರಿನಲ್ಲಿ ಮಾಗಡಿ ಕೆರೆ. ಚಳಿಗಾಲದಲ್ಲಿ ಹೋದರೆ ಪಟ್ಟೆತಲೆ ಹೆಬ್ಬಾತುಗಳ ಹಿಂಡು ನೀರಿನ ಮೇಲೆ ತೇಲುತ್ತಿರುತ್ತದೆ. ಮಂಗೋಲಿಯ, ಟಿಬೆಟ್ ಕಡೆಯ ನೆಲದಿಂದ ಹಿಮಾಲಯವನ್ನು ಹಾರಿ ದಾಟಿ ಬರುವ ಹಕ್ಕಿಗಳಿವು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಪಟ್ಟಿಗೆ ಸೇರಿತು.

ಹೆಬ್ಬಾತುಗಳು ಬಾಣದ ಮೊನೆಯ ಆಕಾರದಲ್ಲಿ ಹಾರುವುದನ್ನು ಮಕ್ಕಳು ಚಿತ್ರದಲ್ಲಾದರೂ ನೋಡಿರುತ್ತಾರೆ. ಮುಂದಿನ ಹಕ್ಕಿಯ ರೆಕ್ಕೆಯ ತುದಿಯ ಬದಿಯಲ್ಲಿ ಗಾಳಿ ಮೇಲಕ್ಕೇಳುತ್ತದೆ. ಹಿಂದಿನ ಹಕ್ಕಿ ಅದರ ಆಸರೆ ಪಡೆದು ಕಡಿಮೆ ಶ್ರಮದಲ್ಲಿ ಹಾರುತ್ತದೆ. ಎಲ್ಲರ ಮುಂದಿನದಕ್ಕೆ ಈ ಅನುಕೂಲವಿಲ್ಲ. ಬೋಳು ಐಬಿಸ್ ಎಂಬ ಇನ್ನೊಂದು ಜಾತಿಯ ವಲಸೆ ಹಕ್ಕಿಗಳನ್ನು ಅಭ್ಯಸಿಸಿದ ವಿಜ್ಞಾನಿಗಳು, ಅವು ಮುಂದಾಳುವಿನ ಶ್ರಮವನ್ನು ಸರದಿಯಂತೆ ಹಂಚಿಕೊಳ್ಳುತ್ತವೆ ಎಂದು 2015ರಲ್ಲಿ ವರದಿ ಮಾಡಿದರು. ಹಕ್ಕಿಗೆ ಸೇವೆಯ ಭಾವವಿದೆ ಎಂದು ಇದರಿಂದ ಹೇಳಲಾಗದು. ಆದರೆ ಇನ್ನೊಬ್ಬನಿಗಾಗಿ ಪಟ್ಟ ಶ್ರಮ ಗುಂಪಿನ ಬಾಳಿಗೆ ಬೇಕಾದದ್ದು ಎಂಬುದಂತೂ ಕಾಣುತ್ತದೆ.

ಮನುಷ್ಯರ ಮೇಲೂ ಪ್ರಯೋಗಗಳು ನಡೆದಿವೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಕೆಲವರಿಗೆ ಐದು ಅಥವಾ ಇಪ್ಪತ್ತು ಡಾಲರ್ ಕೊಟ್ಟು, ಅರ್ಧ ಜನರಿಗೆ ತಮಗಾಗಿ, ಇನ್ನರ್ಧ ಜನರಿಗೆ ಬೇರೆಯವರಿಗಾಗಿ ಸಂಜೆಯೊಳಗೆ ಖರ್ಚು ಮಾಡಲು ಹೇಳಿದರು. ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಸಂತೋಷವಾಗಿದ್ದರು. ಹಣ ಐದೋ ಇಪ್ಪತ್ತೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ನಮ್ಮ ಹಿರಿಯರು ಪ್ರಯೋಗಶಾಲೆಯಿಲ್ಲದೆ ಕಂಡುಕೊಂಡದ್ದೂ ಇದೇ ಅಲ್ಲವೇ?

ಮಾಗಡಿಯಿಂದ ಎಂಟು ಕಿಲೋಮೀಟರ್ ಮುಂದೆ ಶಿರಹಟ್ಟಿ. ಇಲ್ಲಿನ ಫಕೀರೇಶ್ವರ ಮಠ ಹಿಂದೂ-ಮುಸ್ಲಿಂ ಭಾವೈಕ್ಯದ ಪೀಠ. ಮೂಲ ಫಕೀರೇಶ್ವರರು ವಿಜಾಪುರದ ಖ್ವಾಜಾ ಅಮೀನುದ್ದೀನರ ಶಿಷ್ಯರೆಂಬುದು ಪರಂಪರೆ ನಂಬಿಕೊಂಡು ಬಂದ ಕಥೆ. ದ್ವೇಷ ಬಿಡು, ಪ್ರೀತಿ ಮಾಡು ಎಂಬುದು ಮಠದ ಘೋಷವಾಕ್ಯ.

ಕ್ರೈಸ್ತರಿಗೆ ಈ ಮಾತು ಕೇಳಿದೊಡನೆ ಒಳ್ಳೆಯ ಸಮಾರ್ಯದವನ ಸಾಮತಿ ನೆನಪಾಗದಿರದು. ದರೋಡೆಕೋರರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದವನನ್ನು ಅವನ ಸ್ವಂತ ಮತದ ಇಬ್ಬರು ದೊಡ್ಡವರು ನೋಡಿಯೂ ದಾಟಿ ಹೋಗುತ್ತಾರೆ. ಬೇರೆಯವನೆಂದು ಅವನ ಜನ ದೂರ ಇಟ್ಟಿದ್ದ ಸಮಾರ್ಯದವನು ನಿಲ್ಲುತ್ತಾನೆ, ಗಾಯ ಕಟ್ಟುತ್ತಾನೆ, ಛತ್ರಕ್ಕೆ ಒಯ್ದು ಖರ್ಚಿಗೆ ದುಡ್ಡು ಕೊಟ್ಟು ಹೋಗುತ್ತಾನೆ. ಕಥೆ ಕೇಳುವ ಮೊದಲು ಪಂಡಿತನೊಬ್ಬ "ನನ್ನ ನೆರೆಯವನು ಯಾರು?" ಎಂದು ಕೇಳಿರುತ್ತಾನೆ. ಕಥೆ ಮುಗಿದಾಗ ಯೇಸು ಪ್ರಶ್ನೆಯನ್ನೇ ತಿರುಗಿಸಿ, ನೆರೆಯವನಾದದ್ದು ಯಾರು ಎಂದು ಕೇಳುತ್ತಾನೆ. ಗಾಯಗೊಂಡವನಿಗೆ ಪ್ರಾಣ ಸಿಕ್ಕಿತು. ನಿಂತವನಿಗೆ? ಅವನು ಅಲ್ಲಿಯವರೆಗೆ ಕೇವಲ ದಾರಿಹೋಕನಾಗಿದ್ದ. ಅಂದಿನಿಂದ ಒಬ್ಬನಿಗೆ ನೆರೆಯವನಾದ. ಪರ ಊರಿನಲ್ಲಿ ಅವನಿಗೊಂದು ನಂಟು ಹುಟ್ಟಿತು.

ಮುಂಡರಗಿಯ ದಾರಿಯಲ್ಲಿ

ಶಿರಹಟ್ಟಿಯಿಂದ ಮುಂಡರಗಿಗೆ ಕಪ್ಪತಗುಡ್ಡದ ಮಗ್ಗುಲಲ್ಲಿ ಸಾಗಬೇಕು. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಮುಂಡರಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು. ಅನ್ನದಾನೀಶ್ವರ ಮಠದ ಊರು. ಮಠದ ಹೆಸರಿನಲ್ಲೇ ಅನ್ನವಿದೆ, ದಾನವಿದೆ. ಶರಣರು ಇದನ್ನು ದಾಸೋಹವೆಂದರು. ನಾನು ಕೊಟ್ಟೆನೆಂಬ ಭಾವ ಅಳಿದು ನಾನು ದಾಸನೆಂಬ ಭಾವ ಉಳಿಯುವುದೇ ಅದರ ಗುಟ್ಟು. ಕಾಲು ತೊಳೆದ ಗುರುವಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟರೆ ಹೆಚ್ಚಿನ ದೂರವೇನೂ ಕಾಣದು.

ಇಷ್ಟು ಹೇಳಿದ ಮೇಲೆ ಎಚ್ಚರದ ಮಾತನ್ನೂ ಹೇಳಬೇಕು. ಸೇವೆಯಿಂದ ಲಾಭವಿದೆಯೆಂದು ಲಾಭಕ್ಕಾಗಿಯೇ ಹೊರಟವನಿಗೆ ಅದು ದಕ್ಕುವುದಿಲ್ಲ. ರೋಗಿಗೆ ಬಾಳೆಹಣ್ಣು ಕೊಡುವುದಕ್ಕಿಂತ ಕೊಡುವ ಫೋಟೋ ಮುಖ್ಯವಾದರೆ ಅಲ್ಲಿಗೆ ಮುಗಿಯಿತು. ದಾನವನ್ನು ಬೀದಿಯಲ್ಲಿ ಸಾರುವವರು ತಮ್ಮ ಕೂಲಿಯನ್ನು ಆಗಲೇ ಪಡೆದಾಯಿತು ಎಂಬ ಅಭಿಪ್ರಾಯ ಯೇಸುವಿನ ಬೆಟ್ಟದ ಪ್ರಸಂಗದಲ್ಲಿದೆ. ಸೇವೆಗೆ ಬದಲಾಗಿ ಎದುರಿನವನ ಕೃತಜ್ಞತೆಯನ್ನೋ ನಂಬಿಕೆಯನ್ನೋ ಬೇಡಿದರೆ ಅದು ಸೇವೆಯಲ್ಲ, ವ್ಯಾಪಾರ.

ತಂದೆತಾಯಿಗಳಿಗೆ ಸಮಾಧಾನ ಕೊಡುವ ಇನ್ನೊಂದು ಮಾತೂ ಸುವಾರ್ತೆಯಲ್ಲಿದೆ. ದೇವರಿಗೆ ಮುಡಿಪಾಗಿದೆಯೆಂಬ ನೆಪ ಹೇಳಿ ಹೆತ್ತವರಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರನ್ನು ಯೇಸು ಕಟುವಾಗಿ ಟೀಕಿಸುತ್ತಾನೆ. ಮನೆಯಲ್ಲಿ ಅಜ್ಜಿಗೆ ಗುಳಿಗೆ ಕೊಡದ ಹುಡುಗ ಆಸ್ಪತ್ರೆಗೆ ಸೇವೆಗೆ ಹೋದರೆ ಅರ್ಥವಿಲ್ಲ. ಅಡುಗೆಮನೆಯಲ್ಲಿ ಒಂದು ಕೊಡ ನೀರು ಹೊತ್ತು ತರುವುದರಿಂದಲೇ ಸೇವೆಯ ಪಾಠ ಶುರುವಾಗಲಿ. ಓದಿನ ಹೊತ್ತು ಓದಿಗೆ. ವಾರಕ್ಕೆ ಎರಡು ತಾಸು, ಹೇಳಿದ ದಿನ, ಹೇಳಿದ ಹೊತ್ತಿಗೆ ತಪ್ಪದೆ ಹೋಗುವುದು, ವರ್ಷಕ್ಕೊಮ್ಮೆ ಹಾರ-ತುರಾಯಿಯೊಂದಿಗೆ ಮಾಡುವ ಸಮಾರಂಭಕ್ಕಿಂತ ಮೇಲು. ಕಾಲೇಜಿನಲ್ಲಿ 1969ರಿಂದ ನಡೆದು ಬಂದಿರುವ ರಾಷ್ಟ್ರೀಯ ಸೇವಾ ಯೋಜನೆ ಇದೆ. ಹಳ್ಳಿಯ ಶಿಬಿರದಲ್ಲಿ ಚರಂಡಿ ತೋಡಿದ ಕೈಗೆ ಬೊಬ್ಬೆ ಬರುತ್ತದೆ. ಆ ಹಳ್ಳಿಯ ತಾಯ್ವಾರು ಕೊಟ್ಟ ರೊಟ್ಟಿಯ ರುಚಿ ಬೊಬ್ಬೆಗಿಂತ ಹೆಚ್ಚು ದಿನ ನೆನಪಿರುತ್ತದೆ.

ಮುಂಡರಗಿಯಿಂದ ಮುಂದೆ ಕೊರ್ಲಹಳ್ಳಿ. ಅಲ್ಲಿ ತುಂಗಭದ್ರೆಗೆ ಸೇತುವೆ. ಸಂಜೆಯ ಹೊತ್ತಿಗೆ ಸೇತುವೆಯ ಮೇಲೆ ನಿಂತರೆ ಮಲೆನಾಡಿನಲ್ಲಿ ಹುಟ್ಟಿದ ನೀರು ಬಯಲುಸೀಮೆಯ ಎರಡೂ ದಂಡೆಗೆ ಹಂಚಿಕೊಳ್ಳುತ್ತ ಪೂರ್ವಕ್ಕೆ ಹರಿಯುವುದು ಕಾಣುತ್ತದೆ. ಆಚೆ ದಂಡೆಯದು ಹೂವಿನಹಡಗಲಿ ತಾಲ್ಲೂಕು. ಆ ತಾಲ್ಲೂಕಿನಲ್ಲೇ ಉತ್ತಂಗಿ ಎಂಬ ಊರಿದೆ. ಚೆನ್ನಪ್ಪನವರ ಮನೆತನಕ್ಕೆ ಹೆಸರು ಕೊಟ್ಟ ಊರು.

"ಅದರಿಂದ ನಿನಗೇನ ಸಿಗತೈತಿ?" ಎಂದು ಹೊರಡುವಾಗ ಕೇಳಿದ ಪ್ರಶ್ನೆ ಇಲ್ಲಿಯವರೆಗೂ ಜೊತೆಗೆ ಬಂದಿದೆ. ಬೋಧಿಸಲು ಹೊರಟ ಪಾದ್ರಿಗೆ ಸರ್ವಜ್ಞ ಸಿಕ್ಕ. ಕಲಿಸಲು ಬಂದ ಪರದೇಶಿಗೆ ಕನ್ನಡ ಸಿಕ್ಕಿತು. ಅಂಧ ಅಣ್ಣನಿಗಾಗಿ ಪರೀಕ್ಷೆ ಬರೆಯುವ ಹುಡುಗನಿಗೆ ಏನು ಸಿಗುತ್ತದೆಂಬುದನ್ನು ಮೊದಲೇ ಹೇಳಲು ಬರುವುದಿಲ್ಲ. ಅದನ್ನು ಅವನೇ ಮನೆಗೆ ಬಂದು ಹೇಳಬೇಕು. ಭಾನುವಾರ ಸಂಜೆ ಮಗ ಸೇವೆ ಮುಗಿಸಿ ಬಂದು ಚಪ್ಪಲಿ ಕಳಚುವಾಗ, ಎಷ್ಟು ಹೊತ್ತಾಯಿತೆಂದು ಕೇಳುವ ಮೊದಲು "ಇವತ್ತ ಯಾರ್ನ ಕಂಡೆಪಾ?" ಎಂದು ಕೇಳಿ ನೋಡಿ. ಅವನು ಹೇಳತೊಡಗಿದರೆ ಉಣ್ಣುವ ಹೊತ್ತು ಮೀರೀತು.